ಕುದುರೆಯ ಮೇಲೆ ಕೂತವರಾರು?

ಫ್ರೇಮಣ್ಣನ ತಲೆಯೊಳಗೆ ಒಂದು ಬಿಳಿ ಕುದುರೆ ಹೊಕ್ಕು ಐವತ್ತು ವರ್ಷವಾಗಿತ್ತು. ಅದು ಮುಂದಕ್ಕೂ ಹೋಗುತ್ತಿರಲಿಲ್ಲ, ತಲೆ ಬಿಟ್ಟೂ ತೊಲಗುತ್ತಿರಲಿಲ್ಲ.

ಚಿಕ್ಕಂದಿನಲ್ಲಿ ಅಕ್ಕ ಹಾಡುತ್ತಿದ್ದ ಹಾಡಿನ ಕುದುರೆ ಅದು.

ಬಿಳಿಯ ಕುದುರೆ ಹೊರಟಿತು ನೋಡು ಬೆಟ್ಟದ ಆಚೆಗೆ,
ಕುದುರೆಯ ಮೇಲೆ ಕೂತವರಾರು ಕೊಡೆಯ ನೆರಳೊಳಗೆ?

ಇಷ್ಟು ಅವನಿಗೆ ನೆನಪಿತ್ತು. ಅಮ್ಮ ಕೆಲಸಕ್ಕೆ ಹೋದ ಮೇಲಿನ ಮಧ್ಯಾಹ್ನಗಳು, ನೆಲದ ಮೇಲೆ ಬಿದ್ದ ಕಿಟಕಿ ಸರಳುಗಳ ನೆರಳು, ಅಕ್ಕನ ಫ್ರಾಕಿನ ಸೀಮೆಸುಣ್ಣದ ವಾಸನೆ, ಅವಳ ತುಸು ಒಡಕು ದನಿ, ಎಲ್ಲವೂ ನೆನಪಿತ್ತು. ಕೊಡೆಯ ಕೆಳಗೆ ಕೂತವರು ಯಾರು ಎಂಬುದೊಂದು ಮಾತ್ರ ಎಷ್ಟು ತಲೆ ಕೆರೆದುಕೊಂಡರೂ ಹೊಳೆಯುತ್ತಿರಲಿಲ್ಲ. ಊರಿನವರ ಹಳೇ ಫೋಟೋಗಳಿಗೆಲ್ಲ ಚೌಕಟ್ಟು ಹಾಕಿ ಗಾಜಿನೊಳಗೆ ಭದ್ರ ಮಾಡಿ ಕೊಡುವ ಮನುಷ್ಯ ತನ್ನದೇ ಬಾಲ್ಯದ ಮೂರನೇ ಸಾಲನ್ನು ಎಲ್ಲೋ ಕಳೆದುಕೊಂಡಿದ್ದ.

ಫೋನಿನಲ್ಲಿ ಕೇಳಿದಾಗ ಅಕ್ಕ, "ಆ ಹಾಡಾ! ಬಂದಾಗ ಪೂರ್ತಿ ಹಾಡ್ತೀನಿ ಬಿಡೋ" ಎಂದಿದ್ದಳು. ಬರುವುದು ಇವತ್ತು, ಸಂಜೆಯ ರೈಲಿಗೇ ವಾಪಸ್ಸು. ದೂರದ ಊರು, ಮಂಡಿ ನೋವು. ಮತ್ತೆ ಯಾವ ಕಾಲಕ್ಕೋ! ಅದಕ್ಕೇ ಫ್ರೇಮಣ್ಣ ಫೋನಿಗೆ ಸಿಕ್ಕಿಸುವ ಹಳೇ ಮೈಕೊಂದನ್ನು ಅಗ್ಗಕ್ಕೆ ತಂದು, ಸಾಮಾನು ಕೋಣೆ ಖಾಲಿ ಮಾಡಿ, ಬೆಳಗಾಗುತ್ತಲೇ "ಹಲೋ, ಹಲೋ" ಎಂದು ರೆಕಾರ್ಡ್ ಮಾಡಿ ನೋಡಿದ. ಬಾವಿಗೆ ಬಿದ್ದವನು ಕೂಗಿದ ಹಾಗೆ ಕೇಳಿಸಿತು.

ಮೇಲಿನ ಮನೆಯ ನಿವೃತ್ತ ಕಂಡಕ್ಟರು ಆ ಕೂಗಿಗೇ ಇಳಿದು ಬಂದರು.

"ಗೋಡೆಗೆ ಹಾಸಿಗೆ ಹೊದಿಸ್ಬೇಕು ಕಣಯ್ಯಾ. ದೊಡ್ಡ ಸ್ಟುಡಿಯೋದವರೆಲ್ಲ ಹಂಗೇ ಏನೋ ಮಾಡ್ತಾರೆ."

"ನೀವು ಸ್ಟುಡಿಯೋ ಒಳಗೆ ಹೋಗಿದ್ರಾ ಸಾರ್?"

"ಒಳಗ್ಯಾಕೆ ಹೋಗ್ಬೇಕು? ಅದರ ಎದುರಿಗೇ ನಮ್ಮ ಬಸ್ ಸ್ಟಾಪ್ ಇತ್ತು."

ಇಷ್ಟು ಅನುಭವ ಸಾಕಾಗಿತ್ತು. ಮನೆಯ ಹಾಸಿಗೆಗಳೆಲ್ಲ ಎದ್ದು ಗೋಡೆಗೆ ಒರಗಿದವು. "ರಾತ್ರಿ ನಾವೂ ಹಿಂಗೇ ನಿಂತ್ಕೊಂಡು ಮಲಗೋದಾ?" ಎಂದಳು ಹೆಂಡತಿ. ಒಂದು ಗೋಡೆ ಇನ್ನೂ ಬೋಳಾಗಿಯೇ ಉಳಿದಿತ್ತು. ಕಂಡಕ್ಟರು ಎದುರುಮನೆಗೆ ನುಗ್ಗಿ, ರಾತ್ರಿ ಪಾಳಿ ಮುಗಿಸಿ ಆಗಷ್ಟೇ ಮಲಗಲು ಹೊರಟಿದ್ದ ನರ್ಸಮ್ಮನ ಹಾಸಿಗೆಯನ್ನು ಎಳೆದು ತಂದರು. ಹಾಸಿಗೆಯ ಹಿಂದೆಯೇ ನರ್ಸಮ್ಮನೂ ಬಂದು ಕುದುರೆಯ ಕತೆಯನ್ನೆಲ್ಲ ಕೇಳಿದಳು.

"ಕೊಡ್ತೀನಿ. ಆದ್ರೆ ಆ ಕುದುರೆ ಮೇಲೆ ಯಾರು ಕೂತಿದ್ರು ಅಂತ ಮೊದಲು ನಂಗೇ ಹೇಳ್ಬೇಕು."

"ರಾಜಕುಮಾರ ಇರ್ಬೇಕು" ಎಂದಳು ಹೆಂಡತಿ.

"ರಾಜಕುಮಾರ ಯಾಕಮ್ಮಾ ಕೊಡೆ ಹಿಡೀತಾನೆ? ಯಾರೋ ಗುಮಾಸ್ತನೇ ಸೈ" ಎಂದರು ಕಂಡಕ್ಟರು.

ಅಷ್ಟರಲ್ಲಿ ಫ್ರಿಜ್ಜು ಗುಂಯ್ ಎಂದಿತು. ಅದನ್ನು ಆರಿಸಿದರೆ ಪಕ್ಕದ ಮನೆಯ ಫ್ರಿಜ್ಜು ಗುಂಯ್ ಎಂದಿತು. ಕಂಡಕ್ಟರು ಕೆಳಗಿಳಿದು ಇಡೀ ಕಟ್ಟಡದ ಮೇನ್ ಸ್ವಿಚ್ಚನ್ನೇ ಎಳೆದುಬಿಟ್ಟರು. ಮೂಲೆ ಮನೆಯ ಇಸ್ತ್ರಿಯವನು ಇಸ್ತ್ರಿಪೆಟ್ಟಿಗೆ ಹಿಡಿದುಕೊಂಡೇ ಜಗಳಕ್ಕೆ ಬಂದ. ಕುದುರೆಯ ಕತೆ ಕೇಳಿದವನು ಜಗಳ ಮರೆತು, ಹೋಗಿ ನಾಲ್ಕು ಕಂಬಳಿ ತಂದುಕೊಟ್ಟು, ಬಾಗಿಲ ಬಳಿಯೇ ಕುಕ್ಕರಗಾಲಲ್ಲಿ ಕೂತ.

ಅಕ್ಕ ಬಂದಾಗ ಮಧ್ಯಾಹ್ನ. ಊಟ ಮುಗಿಯಿತು. ಫ್ರೇಮಣ್ಣ ಅವಳ ಕೈ ಹಿಡಿದು ಸಾಮಾನು ಕೋಣೆಗೆ ಕರೆದೊಯ್ದ.

"ಇದೇನೋ ಇದು? ಹತ್ತಿ ಮೂಟೆಯೊಳಗೆ ಕೂತಂಗಿದೆ!"

"ಸ್ಟುಡಿಯೋ ಅಕ್ಕಾ."

ಕಂಡಕ್ಟರು ಬಾಗಿಲು ಎಳೆದುಕೊಂಡು, "ಯಾರೂ ಉಸಿರಾಡ್ಬಾರ್ದು" ಎಂದು ಹೊರಗಿನವರಿಗೆ ಅಪ್ಪಣೆ ಮಾಡಿದರು.

ಒಳಗೆ ಟಾರ್ಚಿನ ಮಂದ ಬೆಳಕು. ಲೋಕದ ಸದ್ದೆಲ್ಲ ಕಂಬಳಿ ಹೊದ್ದು ಮಲಗಿದಂತಿತ್ತು. ಫ್ರೇಮಣ್ಣ ಮೈಕನ್ನು ಇಬ್ಬರ ನಡುವೆ ಇಟ್ಟು ಗುಂಡಿ ಒತ್ತಿದ. ಅಕ್ಕ ಗಂಟಲು ಸರಿಮಾಡಿಕೊಂಡಳು. ಹಳೇ ರೂಢಿ, ತಾಳಕ್ಕೆ ಅವನ ಬೆನ್ನನ್ನೇ ಮೆಲ್ಲಗೆ ತಟ್ಟತೊಡಗಿದಳು. ಬಿಳಿಯ ಕುದುರೆ ಹೊರಟಿತು. ದನಿ ಇನ್ನಷ್ಟು ಒಡೆದಿತ್ತು. ಆದರೂ ಅದೇ ದನಿ. ಅವನ ಕಣ್ಣು ತುಂಬಿ ಬಂತು. ಕುದುರೆಯ ಮೇಲೆ ಕೂತವರಾರು, ಕೊಡೆಯ ನೆರಳೊಳಗೆ...

"ಏಳಯ್ಯಾ, ಏಳು! ಕೊನೇ ಸ್ಟಾಪ್ ಬಂತು!"

ಫ್ರೇಮಣ್ಣ ದಡಬಡಿಸಿ ಎದ್ದ. ಕಂಡಕ್ಟರು ಅವನ ಭುಜ ಹಿಡಿದು ಅಲುಗಿಸುತ್ತಿದ್ದರು. ಹೊರಗೆ ಬಿಸಿಲು ಇಳಿದಿತ್ತು. ಅಕ್ಕ ತಲೆ ಬಾಚಿಕೊಂಡು, ಚೀಲ ಹಿಡಿದು, ರೈಲಿಗೆ ಸಿದ್ಧಳಾಗಿ ಕೂತಿದ್ದಳು. ಅವನು ಗಾಬರಿಯಲ್ಲಿ ಫೋನು ನೋಡಿದ. ರೆಕಾರ್ಡ್ ಇನ್ನೂ ಓಡುತ್ತಲೇ ಇತ್ತು!

"ಸಿಕ್ತು! ಎಲ್ಲಾ ಇದರಲ್ಲೇ ಇದೆ!"

ಎಲ್ಲರೂ ಫೋನಿಗೆ ಮುತ್ತಿಕೊಂಡರು. ಮೊದಲ ಸಾಲು ಬಂತು. ಕನ್ನಡಿಯಷ್ಟು ಸ್ವಚ್ಛ. ಇಸ್ತ್ರಿಯವನು ತಲೆದೂಗಿದ. ಎರಡನೇ ಸಾಲು ಬಂತು. ನರ್ಸಮ್ಮ ನಿದ್ದೆಗಣ್ಣು ಅರಳಿಸಿ ಮುಂದಕ್ಕೆ ಬಾಗಿದಳು. ಆಮೇಲೆ ಬಂದದ್ದು ಗೊರಕೆ. ಹಳೇ ಲಾರಿ ದಿಬ್ಬ ಹತ್ತುವ ಹಾಗೆ, ಮಧ್ಯೆ ಗೇರ್ ಬದಲಿಸಿ, ಸೀಟಿ ಹೊಡೆದು, ಮತ್ತೆ ದಿಬ್ಬ ಹತ್ತುವ ಗೊರಕೆ. ಮುಗಿಯುವ ಲಕ್ಷಣವೇ ಇರಲಿಲ್ಲ.

"ಅಕ್ಕಾ, ಮೂರನೇ ಸಾಲು ಎಲ್ಲಿ?" ಫ್ರೇಮಣ್ಣನ ದನಿ ಅಳುವ ಮಗುವಿನದಾಗಿತ್ತು.

"ಮೂರನೇ ಸಾಲಾ? ಎಲ್ಲಿತ್ತೋ ಅದು? ನಾನೇ ಕಟ್ಟಿದ ಹಾಡು ಕಣೋ. ಹೊರಗೆ ಹುಡುಗೀರು ಹಗ್ಗ ಹಿಡ್ಕೊಂಡು ನಂಗೋಸ್ಕರ ಕಾಯ್ತಿದ್ರು. ಎರಡು ಸಾಲಿಗೇ ನೀನು ಗೊರ್ರ್ ಅಂತಿದ್ದೆ, ನಾನು ಆಟಕ್ಕೆ ಓಡ್ತಿದ್ದೆ. ಮೂರನೇದು ಬೇಕೇ ಆಗ್ಲಿಲ್ಲ."

"ಹಾಗಾದ್ರೆ... ಕುದುರೆ ಮೇಲೆ?"

"ನಂಗೇನೋ ಗೊತ್ತು? ನಾನೇನು ಬೆಟ್ಟದಾಚೆ ಹೋಗಿದ್ನಾ?" ಎಂದು ನಕ್ಕ ಅಕ್ಕ, ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇದನ್ನ ನಂಗೂ ಒಂದು ಕಳಿಸೋ. ನಿನ್ನ ಗೊರಕೆ ಕೇಳಿ ಎಷ್ಟು ವರ್ಷ ಆಗಿತ್ತೋ."

ನರ್ಸಮ್ಮ ಹಾಸಿಗೆ ಹೊತ್ತು ನಡೆದಳು. ಫ್ರೇಮಣ್ಣ ಅಳಿಸಿಬಿಡೋಣವೆಂದು ಫೋನಿಗೆ ಬೆರಳಿಟ್ಟ. ಹೆಂಡತಿ ಚಕ್ಕನೆ ಅದನ್ನು ಕಸಿದುಕೊಂಡಳು.

"ಮುಟ್ಬೇಡಿ! ಮದುವೆ ಆದಾಗಿನಿಂದ 'ನಾನು ಗೊರಕೆ ಹೊಡೆಯೋದೇ ಇಲ್ಲ' ಅಂತ ವಾದ ಮಾಡ್ತಿದ್ರಲ್ಲ? ಇದು ನಮ್ಮ ತವರಿನವರಿಗೆಲ್ಲ ಹೋಗ್ಬೇಕು."