ಅತ್ತೆಯ ಮೇಲೆ ‘ಡಿ’ ಪ್ರಯೋಗ

ಈ ವರ್ಷದ ಸ್ಕೀ ಓಟದಲ್ಲಿ ನನ್ನ ಅತ್ತೆಯನ್ನು ಸೋಲಿಸಿಯೇ ತೀರುತ್ತೇನೆ ಎಂದು ನಾನು ಶಪಥ ಮಾಡಿದ್ದು ಕ್ರಿಸ್‌ಮಸ್ ಊಟದ ಮೇಜಿನಲ್ಲಿ, ಹದಿನೇಳು ಜನ ನೆಂಟರ ಸಮಕ್ಷಮದಲ್ಲಿ. ಬಾಯಲ್ಲಿ ಹಂದಿಮಾಂಸದ ದೊಡ್ಡ ತುಂಡಿದ್ದ ಕಾರಣ ಅರ್ಧ ಜನಕ್ಕೆ ಅದು ಅರ್ಥವಾಗಲಿಲ್ಲ. ಅರ್ಥವಾದವರು ನಕ್ಕರು. ಅತ್ತೆ ಮಾತ್ರ ನಗಲಿಲ್ಲ. ನನ್ನ ತಟ್ಟೆಗೆ ಇನ್ನೆರಡು ಆಲೂಗೆಡ್ಡೆ ಹಾಕಿ, ‘ತಿನ್ನಪ್ಪಾ, ಶಕ್ತಿ ಬೇಕಲ್ಲ’ ಎಂದರು.

ನನ್ನ ಅತ್ತೆ ಗುದ್ರುನ್ ಅವರಿಗೆ ಎಪ್ಪತ್ತಾರು ವರ್ಷ. ನನಗೆ ನಲವತ್ತೊಂಬತ್ತು. ನಾರ್ವೆಯ ಉತ್ತರ ತುದಿಯಲ್ಲಿರುವ ನಮ್ಮ ಟ್ರೋಮ್ಸೋದಲ್ಲಿ ಮಾರ್ಚ್ ಕೊನೆಗೆ ಹದಿನೈದು ಕಿಲೋಮೀಟರಿನ ಊರೊಟ್ಟಿನ ಓಟವೊಂದು ನಡೆಯುತ್ತದೆ. ಹೋದ ವರ್ಷ ನಾನು ಕೊನೆಯ ಗೆರೆ ಮುಟ್ಟುವ ಹೊತ್ತಿಗೆ ಅತ್ತೆ ತಮ್ಮ ಓಟ ಮುಗಿಸಿ, ಮನೆಗೆ ಹೋಗಿ, ಸ್ನಾನ ಮಾಡಿ, ಕಾಫಿ ಕುಡಿದು, ಅಳಿಯ ಬದುಕಿದ್ದಾನೋ ಇಲ್ಲವೋ ಎಂದು ನೋಡಲು ವಾಪಸ್ ಬಂದಿದ್ದರು. ಅಂದಿನಿಂದ ಐವಿಂದ್ ಎಂಬ ನನ್ನ ಸ್ವಂತ ಹೆಸರು ಊರಿನ ಬಾಯಿಂದ ಅಳಿಸಿಹೋಯಿತು. ನಗರಸಭೆಯಲ್ಲಿ ಮನೆ ಕಟ್ಟುವವರ ಅರ್ಜಿಗೆ ಸಹಿ ಹಾಕುವ ಅಧಿಕಾರಿ ನಾನು. ಅರ್ಜಿ ಹಿಡಿದು ಬಂದವರು ಕೂಡ ‘ಗುದ್ರುನ್ ಅಳಿಯನ ಟೇಬಲ್ ಯಾವುದು?’ ಎಂದು ವಿಚಾರಿಸತೊಡಗಿದರು. ಒಂದೇ ಒಂದು ಸಲ ಅತ್ತೆಗಿಂತ ಮೊದಲು ಗೆರೆ ದಾಟಿ ನನ್ನ ಹೆಸರನ್ನು ವಾಪಸ್ ಪಡೆಯಬೇಕೆಂಬುದೇ ನನ್ನ ಜೀವನದ ಪರಮ ಗುರಿಯಾಯಿತು.

ಶಪಥದ ಹಿಂದೆ ಒಂದು ಗುಟ್ಟಿತ್ತು. ನವೆಂಬರಿನಲ್ಲಿ ಡಾಕ್ಟರ್ ನೂರ್ಲಿ ನನ್ನ ರಕ್ತ ಪರೀಕ್ಷೆ ಮಾಡಿಸಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದ್ದರು.

‘ವಿಟಮಿನ್ ಡಿ ಐವತ್ತಾದ್ರೂ ಇರ್ಬೇಕು. ನಿಮ್ಮದು ಇಪ್ಪತ್ತೆಂಟು. ನೀವೇನು ನೆಲಮಾಳಿಗೇಲಿ ವಾಸ ಮಾಡ್ತೀರಾ?’

‘ನಗರಸಭೆಲಿ ಕೆಲಸ ಮಾಡ್ತೀನಿ.’

‘ಎರಡೂ ಒಂದೇ. ದಿನಕ್ಕೆ ಐದು ಹನಿ ತಗೊಳ್ಳಿ. ಹೆಚ್ಚು ಬೇಡ, ಕಮ್ಮಿನೂ ಬೇಡ. ಸ್ನಾಯುಗಳಿಗೆ ಇದು ಬೇಕು. ಆದ್ರೆ ಕೊರತೆ ತುಂಬೋದಷ್ಟೇ ಅದರ ಕೆಲಸ. ಓಡೋ ಕೆಲಸ ನಿಮ್ಮದು.’

ಕೊನೆಯ ಎರಡು ವಾಕ್ಯಗಳು ನನ್ನ ಕಿವಿಗೆ ಬೀಳಲೇ ಇಲ್ಲ. ನಾನಾಗಲೇ ಆನಂದದಲ್ಲಿ ತೇಲುತ್ತಿದ್ದೆ. ಹಾಗಾದರೆ ಹೋದ ವರ್ಷ ಸೋತದ್ದು ನನ್ನ ಸೋಮಾರಿತನದಿಂದಲ್ಲ! ಸೋಮಾರಿ ಯಾರೆಂದರೆ ಸೂರ್ಯ. ನವೆಂಬರ್ ಕೊನೆಗೆ ರಜಾ ಹಾಕಿದರೆ ಜನವರಿ ಮೂರನೇ ವಾರದ ತನಕ ಡ್ಯೂಟಿಗೆ ಬರುವುದಿಲ್ಲ. ಅವನು ಮಾಡಿದ ತಪ್ಪಿಗೆ ನಾನು ಅವಮಾನ ಅನುಭವಿಸುತ್ತಿದ್ದೆ.

ಅತ್ತೆಯ ಬಲದ ಮೂಲವೂ ಆಗಲೇ ನನಗೆ ಹೊಳೆಯಿತು. ಹೆಸರಿನಲ್ಲಿ ರಕಾರವಿರುವ ತಿಂಗಳೆಲ್ಲ ಅವರು ಬೆಳಿಗ್ಗೆ ಒಂದು ಚಮಚ ಮೀನೆಣ್ಣೆ ಕುಡಿಯುತ್ತಾರೆ. ಸೆಪ್ಟೆಂಬರಿನಿಂದ ಏಪ್ರಿಲ್‌ವರೆಗೆ ರಕಾರವಿದೆ, ಎಣ್ಣೆಯಿದೆ. ಮೇ, ಜೂನ್, ಜುಲೈ, ಆಗಸ್ಟಿನಲ್ಲಿ ರಕಾರವಿಲ್ಲ, ಎಣ್ಣೆಯೂ ಇಲ್ಲ. ನಮ್ಮ ಕಡೆಯ ಹಳಬರೆಲ್ಲ ಪಾಲಿಸುವ ಈ ವೈದ್ಯವನ್ನು ವ್ಯಾಕರಣ ಎಂದು ನಾನು ಎಷ್ಟೋ ಸಲ ಗೇಲಿ ಮಾಡಿದ್ದೆ. ಮೀನೆಣ್ಣೆಯ ತುಂಬ ಇರುವುದು ಇದೇ ಡಿ ಎಂದು ತಿಳಿದಾಗ ರೋಮಾಂಚನವಾಯಿತು. ಆ ವಾಸನೆಯೆಣ್ಣೆಯ ಸಹವಾಸವೇ ಬೇಡ, ಆಧುನಿಕ ಹನಿಗಳಿಂದಲೇ ಅತ್ತೆಗೆ ಡೀ ಹೊಡೆಯುತ್ತೇನೆ ಎಂದು ಅಂಗಡಿಗೆ ಓಡಿದೆ.

ಯುದ್ಧದಲ್ಲಿ ಶಸ್ತ್ರವನ್ನು ಬಚ್ಚಿಡಬೇಕಲ್ಲ. ಅತ್ತೆ ವಾರಕ್ಕೆ ನಾಲ್ಕು ಸಲ ನಮ್ಮ ಮನೆಗೆ ಬರುವವರು. ಹಾಗಾಗಿ ಪುಟ್ಟ ಕಂದು ಸೀಸೆಯ ಮೇಲಿದ್ದ ಚೀಟಿಯನ್ನು ಬಿಸಿನೀರಿನಲ್ಲಿ ನೆನೆಸಿ ಕಿತ್ತು ಹಾಕಿದೆ. ಆಮೇಲೆ ಅದನ್ನು ಅಡುಗೆಮನೆಯ ಕಪಾಟಿನಲ್ಲಿ, ಹಿಟ್ಟಿನ ಡಬ್ಬದ ಹಿಂದೆ ನೂಕಿದೆ. ಮರುದಿನ ಬೆಳಿಗ್ಗೆ ದೀಪ ಹಾಕದೆ, ಕಳ್ಳಬೆಕ್ಕಿನ ಹಾಗೆ ಬಂದು ಡಬ್ಬದ ಹಿಂದೆ ಕೈಯಾಡಿಸಿ ಸೀಸೆ ತೆಗೆದು ಐದು ಹನಿ ನಾಲಿಗೆಗೆ ಬಿಟ್ಟುಕೊಂಡೆ. ಆಹಾ, ಎಂಥ ರುಚಿ, ಎಂಥ ಘಮ! ವಿಜ್ಞಾನ ಇಷ್ಟು ಮುಂದುವರಿದಿರುವುದು ನನಗೆ ಗೊತ್ತೇ ಇರಲಿಲ್ಲ. ಇಷ್ಟು ಒಳ್ಳೆಯ ಮದ್ದನ್ನು ಅಡುಗೆಮನೆಯಲ್ಲಿ ಬಿಡುವುದು ಅಪಾಯವೆಂದು ಆ ಸೀಸೆಯನ್ನು ಆಫೀಸಿನ ಬ್ಯಾಗಿಗೇ ಹಾಕಿಕೊಂಡೆ.

ನಾಲ್ಕೇ ದಿನದಲ್ಲಿ ಎದೆಯೊಳಗೆ ಬೆಚ್ಚಗೆ ಏನೋ ಹರಿಯತೊಡಗಿತು. ಇದೇ ಸೂರ್ಯ ಅಂದುಕೊಂಡೆ. ಒಂದು ವಾರದಲ್ಲಿ ಜಾಮ್ ಬಾಟಲಿಯ ಬಿಗಿ ಮುಚ್ಚಳವನ್ನು ಒಂದೇ ಪಟ್ಟಿಗೆ ತೆಗೆದೆ. ಹನಿಗಳು ಇಷ್ಟು ಚುರುಕಾಗಿ ಕೆಲಸ ಮಾಡುತ್ತಿರುವಾಗ ನಾನೂ ಕೆಲಸ ಮಾಡುವುದು ಅವುಗಳ ಮೇಲಿನ ಅಪನಂಬಿಕೆಯಾಗುತ್ತದೆ ಎನ್ನಿಸಿ, ಸೋಫಾದಲ್ಲಿ ಮಲಗಿ ವಿಟಮಿನ್ನು ತೊಡೆಗೆ ಇಳಿಯುವುದನ್ನು ಕಾಯತೊಡಗಿದೆ.

ನನ್ನ ಹೆಂಡತಿ ಸಿಸೆಲ್‌ಳ ಬಾಯಿ ಅವಳಮ್ಮನ ಕಾಲಿನಷ್ಟೇ ಚುರುಕು.

‘ಮಹಾರಾಯ, ಅಮ್ಮ ಇವತ್ತು ಹನ್ನೆರಡು ಕಿಲೋಮೀಟರ್ ಹೋಗಿಬಂದ್ಲು. ನೀನು ಸೋಫಾದಿಂದ ಫ್ರಿಜ್‌ವರೆಗೂ ಹೋಗಿಲ್ಲ.’

‘ಒಳಗೆ ತಯಾರಿ ನಡೀತಿದೆ.’

‘ಒಳಗೆ ಅಂದ್ರೆ ಹೊಟ್ಟೆ ಒಳಗಾ? ಅದು ಹೊರಗಿಂದಾನೇ ಕಾಣ್ತಿದೆ. ಅಂದಹಾಗೆ ನಿನ್ನ ಬಾಯಿ ಯಾಕೆ ಬೇಕರಿ ಥರ ಘಮ್ ಅಂತಿದೆ?’

‘ಅದು ಆರೋಗ್ಯದ ಪರಿಮಳ ಕಣೇ.’

ಅವಳು ಇನ್ನೊಂದು ಸಲ ಮೂಸಿ ನೋಡಿ, ನನ್ನ ಮೇಲೆ ಕಂಬಳಿ ಎಳೆದು ಹೋದಳು.

ಜನವರಿ ಇಪ್ಪತ್ತೊಂದಕ್ಕೆ ಸೂರ್ಯ ಡ್ಯೂಟಿಗೆ ಮರಳಿದ. ಆ ದಿನ ಊರಿನವರೆಲ್ಲ ‘ಸೂರ್ಯನ ಬನ್ನು’ ತಿನ್ನಲೇಬೇಕು. ಅತ್ತೆ ತಮ್ಮ ಸ್ಕೀ ಸಂಘದವರಿಗಾಗಿ ನಮ್ಮ ಮನೆಯ ದೊಡ್ಡ ಒಲೆಯಲ್ಲಿ ಅರವತ್ತು ಬನ್ನು ಬೇಯಿಸಿದರು. ಸಂಘದ ಗಟ್ಟಿಗರೆಲ್ಲ ಅಂಗಳದಲ್ಲಿ ನಿಂತು, ಬೆಟ್ಟದ ಅಂಚಿನಲ್ಲಿ ಸೂರ್ಯ ಇಣುಕುವುದನ್ನು ನೋಡುತ್ತ ತಿಂದರು. ನಾನು ಒಂದು ಕಚ್ಚಿ ನೋಡಿದೆ. ಸಪ್ಪೆ.

‘ಅತ್ತೆ, ಈ ಸಲ ಏಲಕ್ಕಿನೇ ಮರೆತುಬಿಟ್ರಲ್ಲ. ವಯಸ್ಸಾಯ್ತು ನೋಡಿ’ ಎಂದು ಹತ್ತು ಜನಕ್ಕೆ ಕೇಳುವಂತೆ ಹೇಳಿದೆ. ಕಚ್ಚಿದ ಬನ್ನನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟೆ.

‘ಮರೆತಿಲ್ಲಪ್ಪ. ಇಡೀ ಸೀಸೆ ಸುರಿದಿದ್ದೀನಿ. ಏನೋ ಈ ಸಲ ಘಮಾನೇ ಇಲ್ಲ’ ಎಂದು ಅತ್ತೆ ಸಂಕಟದಿಂದ ತಲೆಯಾಡಿಸಿದರು. ನನಗೆ ಒಳಗೊಳಗೇ ಖುಷಿ. ಅಭ್ಯಾಸವಿಲ್ಲದೆಯೇ ಮೊದಲ ಸುತ್ತು ಗೆದ್ದಿದ್ದೆ.

ಫೆಬ್ರವರಿಯಲ್ಲಿ ಮತ್ತೆ ರಕ್ತ ಪರೀಕ್ಷೆಯಾಯಿತು. ನೂರಾದರೂ ಬಂದಿರುತ್ತದೆ ಎಂದು ಎದೆಯುಬ್ಬಿಸಿ ಕುಳಿತೆ.

‘ಇಪ್ಪತ್ತಾರು’ ಎಂದರು ಡಾಕ್ಟರ್ ನೂರ್ಲಿ. ‘ಇಳಿದಿದೆ. ಹನಿ ತಗೊಂಡ್ರಾ?’

‘ಒಂದು ದಿನಾನೂ ತಪ್ಪಿಸಿಲ್ಲ.’ ಸಾಕ್ಷಿಗೆಂದು ಬ್ಯಾಗಿನಿಂದ ಸೀಸೆ ತೆಗೆದು ಕೊಟ್ಟೆ. ಅವರು ಮುಚ್ಚಳ ತಿರುಗಿಸಿ ಮೂಸಿದರು. ಇನ್ನೊಮ್ಮೆ ಮೂಸಿದರು.

‘ಏಲಕ್ಕಿ’ ಎಂದರು. ‘ಸ್ಪಿರಿಟ್ಟಲ್ಲಿ ನೆನೆಸಿದ ಏಲಕ್ಕಿ. ಒಳ್ಳೇ ಕೈ. ಯಾರು ಮಾಡಿದ್ದು?’

ನನ್ನ ಎದೆಯಲ್ಲಿ ಹರಿಯುತ್ತಿದ್ದ ಸೂರ್ಯ ಯಾವನೆಂದು ಆಗ ಗೊತ್ತಾಯಿತು. ಅತ್ತೆ ಪ್ರತಿ ಶರತ್ಕಾಲದಲ್ಲಿ ಏಲಕ್ಕಿಯನ್ನು ನೆನೆಹಾಕಿ, ಸೋಸಿ, ಹಳೆಯ ಔಷಧಿಯ ಸೀಸೆಗೆ ತುಂಬಿ, ನಮ್ಮ ಮನೆಯ ಹಿಟ್ಟಿನ ಡಬ್ಬದ ಹಿಂದೆ ಇಡುತ್ತಾರೆ. ನಾನು ಚೀಟಿ ಕಿತ್ತು ನನ್ನ ಸೀಸೆಯನ್ನು ಅದರ ಅವಳಿ ಮಾಡಿದ್ದೆ. ಕತ್ತಲಲ್ಲಿ ಅವರದು ನನ್ನ ಕೈಗೆ ಬಂದಿತ್ತು. ನನ್ನದು ಅಲ್ಲೇ ಉಳಿದು, ಏಲಕ್ಕಿಯೆಂದು ಅರವತ್ತು ಬನ್ನಿನೊಳಗೆ ಹೋಗಿತ್ತು.

ಮೊದಲು ಗಾಬರಿಯಾಯಿತು. ‘ತಿಂದವರಿಗೆ ಏನಾದ್ರೂ ಆಗುತ್ತಾ?’ ಎಂದೆ. ಡಾಕ್ಟರು ಸೀಸೆಯ ಅಳತೆ ಕೇಳಿ ಲೆಕ್ಕ ಹಾಕಿ, ಒಂದೊಂದು ಬನ್ನು ತಿಂದವರಿಗೆ ಏನೂ ಆಗುವುದಿಲ್ಲ, ಒಂದು ಸಲಕ್ಕೆ ಒಂದಿಷ್ಟು ವಿಟಮಿನ್ ಹೋಗಿರುತ್ತದೆ ಅಷ್ಟೆ ಎಂದರು. ಅಂದರೆ ಓಟದಲ್ಲಿ ನನ್ನನ್ನು ಸೋಲಿಸಲಿದ್ದ ಪ್ರತಿಯೊಬ್ಬರಿಗೂ ನಾನೇ ಕೈಯಾರೆ ಶಕ್ತಿದಾನ ಮಾಡಿದ್ದೆ. ಒಂದು ಕಚ್ಚಿಗೇ ಬಿಟ್ಟವನು ನಾನೊಬ್ಬನೇ.

ಸಿಸೆಲ್‌ಗೆ ಹೇಳಿದಾಗ ಅವಳು ಅಡುಗೆಮನೆಯ ನೆಲದ ಮೇಲೆ ಕುಳಿತು ನಕ್ಕಳು. ಐದು ನಿಮಿಷದ ಮೇಲೆ ಕಣ್ಣೊರೆಸಿಕೊಂಡು, ‘ಅಂದ್ರೆ ಆ ಜಾಮ್ ಮುಚ್ಚಳ?’ ಎಂದು ಕೇಳಿ ಮತ್ತೆ ಶುರುಮಾಡಿದಳು. ನನಗೆ ನಗು ಬರಲಿಲ್ಲ. ಓಟಕ್ಕೆ ಉಳಿದಿದ್ದದ್ದು ಐದೇ ವಾರ. ಶಪಥ ಕೇಳಿದ ಹದಿನೇಳು ಜನ ಬಾಯಿಂದ ಬಾಯಿಗೆ ನೂರಾ ಎಪ್ಪತ್ತಾಗಿದ್ದರು. ಸೋಫಾದಲ್ಲಿ ಕುಳಿತುಕೊಂಡೆ. ನಿಜ ಹೇಳುತ್ತೇನೆ, ಅಳು ಬಂದಿತ್ತು.

ಸಿಸೆಲ್ ನಗು ನಿಲ್ಲಿಸಿ ಪಕ್ಕಕ್ಕೆ ಬಂದಳು.

‘ನೋಡು, ಏಲಕ್ಕಿ ಕುಡಿದೇ ಇಷ್ಟು ಧೈರ್ಯ ಬಂದಿತ್ತಲ್ಲ ನಿಂಗೆ. ನಿಜವಾಗ್ಲೂ ಅಭ್ಯಾಸ ಮಾಡಿದ್ರೆ ಎಷ್ಟು ಬರ್ಬೋದು? ಏಳು, ಬೂಟು ಹಾಕು.’

ಅಂದಿನಿಂದ ಚೀಟಿಯಿರುವ ಹೊಸ ಸೀಸೆಯಿಂದ ಐದು ಹನಿ. ಆಫೀಸು ಮುಗಿದ ಮೇಲೆ ಹಣೆಗೆ ದೀಪ ಕಟ್ಟಿಕೊಂಡು ಕಾಡಿನ ದಾರಿಯಲ್ಲಿ ಸ್ಕೀ. ಮೊದಲ ವಾರ ಸ್ಕೀ ಮೇಲಿದ್ದದ್ದಕ್ಕಿಂತ ಹಿಮದ ಮೇಲೆ ಬಿದ್ದಿದ್ದದ್ದೇ ಹೆಚ್ಚು. ಎರಡನೆಯ ವಾರ ನನ್ನ ಸಹೋದ್ಯೋಗಿ ಆಸ್ಲಾಕ್ ಎದುರಾಗಿ, ‘ಯಾರನ್ನ ಹುಡುಕ್ತಿದ್ದೀಯೋ ಇಷ್ಟು ತಗ್ಗಿ?’ ಎಂದ. ಮೂರನೆಯ ವಾರ ಏರಿನಲ್ಲಿ ಉಸಿರು ಉಳಿಯಿತು. ದಿನದಿನಕ್ಕೆ ಬೆಳಕು ಉದ್ದವಾಗುತ್ತ ಬಂದು, ಐದನೆಯ ವಾರ ಹಣೆಯ ದೀಪವೇ ಬೇಕಾಗಲಿಲ್ಲ. ಇಳಿಜಾರಿನಲ್ಲಿ ಬಿಸಿಲು ಮುಖಕ್ಕೆ ಬಡಿದಾಗ, ನಾನು ಯಾರನ್ನು ಸೋಲಿಸಲು ಹೊರಟಿದ್ದೆ ಎಂಬುದೇ ಒಂದು ಗಳಿಗೆ ಮರೆತುಹೋಗಿತ್ತು.

ಓಟದ ದಿನ ಮುನ್ನೂರು ಜನ. ಗುಂಪುಗುಂಪಾಗಿ ಬಿಡುತ್ತಿದ್ದರು. ಮೊದಲ ಗುಂಪಿನಲ್ಲಿ ಹೊರಟೆ. ನೂಕುನುಗ್ಗಲಿನಲ್ಲಿ ಅತ್ತೆ ಕಾಣಲಿಲ್ಲ. ಎಂದಿನಂತೆ ಆಗಲೇ ಮುಂದೆ ಹೋಗಿದ್ದಾರೆಂದು ಹಲ್ಲು ಕಚ್ಚಿ ಅಟ್ಟಿಸಿಕೊಂಡು ಹೋದೆ. ಐದನೆಯ ಕಿಲೋಮೀಟರಿನಲ್ಲಿ ಅತ್ತೆಯಿಲ್ಲ. ಹತ್ತರಲ್ಲೂ ಇಲ್ಲ. ಗೆರೆ ದಾಟಿ, ಹಿಮದ ಮೇಲೆ ಉರುಳಿ, ತಲೆಯೆತ್ತಿ ನೋಡಿದರೆ ಅಲ್ಲೂ ಅತ್ತೆಯಿಲ್ಲ! ಅಂದರೆ ದಾರಿಯಲ್ಲಿ ಎಲ್ಲೋ ನನಗೇ ತಿಳಿಯದಂತೆ ಅವರನ್ನು ಹಿಂದೆ ಹಾಕಿದ್ದೆ. ಸಿಕ್ಕಸಿಕ್ಕವರ ಕೈ ಕುಲುಕಿದೆ. ಗುರುತಿಲ್ಲದ ಒಬ್ಬ ಮುದುಕನನ್ನು ಅಪ್ಪಿಕೊಂಡೆ.

ಆರು ನಿಮಿಷದ ಮೇಲೆ ಅತ್ತೆ ಬಂದರು. ಸಂತೆಗೆ ಬಂದವರ ಹಾಗೆ ನಿರಾಳವಾಗಿ ನಿಂತು ಕೈಗವಸು ಬಿಚ್ಚಿದರು.

‘ಬೇಜಾರು ಮಾಡ್ಕೋಬೇಡಿ ಅತ್ತೆ’ ಎಂದೆ ದೊಡ್ಡ ಮನಸ್ಸಿನಿಂದ. ‘ಎಲ್ಲರಿಗೂ ಒಂದು ದಿನ ಕಾಲ ಬದಲಾಗುತ್ತೆ.’

ಸಿಸೆಲ್ ಫೋನಿನಲ್ಲಿ ಫಲಿತಾಂಶ ನೋಡುತ್ತಿದ್ದಳು. ‘ಐವಿಂದ್, ಒಂದು ಗಂಟೆ ನಲವತ್ತೆಂಟು ನಿಮಿಷ. ಹೋದ ವರ್ಷಕ್ಕಿಂತ ಐವತ್ತೆರಡು ನಿಮಿಷ ಕಮ್ಮಿ! ಭಲೇ ಕಣೋ’ ಎಂದು ನನ್ನ ಬೆನ್ನು ತಟ್ಟಿದಳು. ಆಮೇಲೆ ದನಿ ತಗ್ಗಿಸಿ, ‘ಅಮ್ಮಂದು ಒಂದು ಗಂಟೆ ಇಪ್ಪತ್ತೊಂಬತ್ತು’ ಎಂದಳು.

‘ಅದು ಹೇಗೆ? ನನ್ನ ಹಿಂದೆ ಬಂದ್ರಲ್ಲ?’

‘ನಿನಗಿಂತ ಇಪ್ಪತ್ತೈದು ನಿಮಿಷ ತಡವಾಗಿ ಹೊರಟ್ಲು. ಕೊನೇ ಗುಂಪಲ್ಲಿ.’

ನಾನು ಅತ್ತೆಯ ಕಡೆ ತಿರುಗಿದೆ. ‘ಅತ್ತೆ, ಮೂವತ್ತು ವರ್ಷದಿಂದ ನೀವು ಮೊದಲ ಗುಂಪು. ಈ ವರ್ಷ ಯಾಕೆ ಕೊನೇ ಗುಂಪಿಗೆ ಹೋದ್ರಿ?’

ಅತ್ತೆ ನನ್ನ ಟೋಪಿಯ ಮೇಲಿನ ಹಿಮ ಕೊಡವಿದರು.

‘ಐದು ವಾರ ನೀನು ಒಬ್ಬನೇ ಬಿದ್ದೂ ಎದ್ದೂ ಒದ್ದಾಡೋದನ್ನ ನೋಡಿದೀನಪ್ಪ. ಓಟದ ಮಧ್ಯ ಎಲ್ಲಾದ್ರೂ ಬಿದ್ರೆ ಎತ್ತಿ ಕರ್ಕೊಂಡು ಬರೋಕೆ ಹಿಂದೆ ನಮ್ಮೋರು ಒಬ್ರು ಇರ್ಲಿ ಅಂತ ಅಲ್ಲಿ ಹೆಸರು ಬರೆಸ್ದೆ. ಒಂದು ಸಲಾನೂ ಬೀಳ್ಲಿಲ್ಲ ನೀನು. ಆ ಚಳೀಲಿ ಅಷ್ಟು ಹೊತ್ತು ನಿಂತಿದ್ದು ದಂಡ ಆಯ್ತು.’