ಮೂವತ್ತು ಡಿಗ್ರಿ ಏರಿಸಿದ್ದು ಯಾರು?

ನಾಲ್ಕು ಜನ ಸೇರಿ ಒಂದು ಕಂಪ್ಯೂಟರ್ ಇಟ್ಟುಕೊಂಡ ಕಡೆಯಲ್ಲೆಲ್ಲ ತಪ್ಪು ಐದನೆಯವನ ತಲೆಗೆ ಬರುತ್ತದೆ. ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಶೆಡ್ಡುಗಳು ಒಂದೊಂದಾಗಿ ಏಳುತ್ತಿದ್ದ ವರ್ಷಗಳಲ್ಲಿ ಆ ಐದನೆಯವನು ಹೆಚ್ಚಾಗಿ ನಾನೇ. ಮೆಷಿನ್ನುಗಳಿಗೆ ಕಂಟ್ರೋಲ್ ಬೋರ್ಡ್ ಮಾಡಿಕೊಡುವ ಕಂಪನಿಯಲ್ಲಿ ಕೆಲಸ. ಬೋರ್ಡಿನ ಪ್ರೋಗ್ರಾಂ ಬರೆಯುವವನೂ ನಾನೇ, ಅದು ಕೈಕೊಟ್ಟಾಗ ಚನ್ನಪಟ್ಟಣದಲ್ಲಿ ಬಸ್ಸು ಹತ್ತಿ ಹೋಗಿ ಬೈಸಿಕೊಳ್ಳುವವನೂ ನಾನೇ.

ಒಂದು ಸಲ ಮಾತ್ರ ಆ ಜಾಗ ಇನ್ನೊಬ್ಬನಿಗೆ ಸಿಕ್ಕಿತು. ಅದು ಬಾಟಲಿ ಮುಚ್ಚಳ ಮಾಡುವ ಕಾರ್ಖಾನೆ. ಒಂದು ಮೆಷಿನ್ನಿನ ಶಾಖ ವಾರಕ್ಕೊಮ್ಮೆ ಇದ್ದಕ್ಕಿದ್ದಂತೆ ಮೂವತ್ತು ಡಿಗ್ರಿ ಏರಿ, ಮುಚ್ಚಳಗಳೆಲ್ಲ ಕರಕಲಾಗುತ್ತಿದ್ದವು. ಆಪರೇಟರ್ ಬೇಕೆಂತಲೇ ಏರಿಸುತ್ತಾನೆ ಎಂದು ಮ್ಯಾನೇಜರ್ ವಾದ. ಆಪರೇಟರ್ ಅಕ್ಕೂರಿನವನು, ಆಗಷ್ಟೇ ಮದುವೆಯಾಗಿದ್ದ. ಅವನದು ಒಂದೇ ಮಾತು: “ನಾನ್ ಮುಟ್ನಿಲ್ಲ ಸಾ.” ಅವನ ಮಾತು ನಿಜವಾದರೆ ತಪ್ಪು ನನ್ನ ಪ್ರೋಗ್ರಾಮಿನದು. ಆದ್ದರಿಂದ ಅವನು ಸುಳ್ಳು ಹೇಳುತ್ತಿರಲಿ ಎಂದು ನಾನು ಮನಸಾರೆ ಹಾರೈಸಿದೆ.

ಗೇಟಿನಲ್ಲಿ

ಕಳ್ಳನನ್ನು ಹಿಡಿಯಲು ನಾನೊಂದು ಬೋರ್ಡ್ ಒಯ್ದಿದ್ದೆ. ಗೇಟಿನ ವಾಚ್‌ಮನ್ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಏನ್ ಸಾ ಇದು?” ಅಂದ.

ಆದಷ್ಟು ಸರಳವಾಗಿ ಹೇಳಿದೆ. “ಕಂಪ್ಯೂಟರಿನ ಮೆಮೊರಿ ಅಂದರೆ ಸಾವಿರಾರು ಕೋಣೆ ಇದ್ದಂಗೆ. ಒಂದು ಕೋಣೆಯಲ್ಲಿ ಶಾಖ ಎಷ್ಟಿರಬೇಕು ಅನ್ನೋ ಲೆಕ್ಕ ಇರುತ್ತೆ. ಆ ಕೋಣೆಗೆ ಕೈ ಹಾಕಿದ್ದು ಯಾವಾಗ, ಯಾವ ಕಡೆಯಿಂದ ಅಂತ ಇದು ಪಕ್ಕದಲ್ಲಿ ಕೂತು ಬರಕೊಳ್ಳುತ್ತೆ. ಯಾರನ್ನೂ ತಡೆಯಲ್ಲ, ಏನೂ ಮಾತಾಡಲ್ಲ.”

“ತಡೆಯಕಿಲ್ವಾ?”

“ಇಲ್ಲ. ಬರಕೊಳ್ಳೋದಷ್ಟೆ.”

ವಾಚ್‌ಮನ್ ಮುಖ ಸಣ್ಣದಾಯಿತು. ರಿಜಿಸ್ಟರ್ ತೆಗೆದು ಬೋರ್ಡಿನ ಹೆಸರಿನಲ್ಲೇ ಒಂದು ಸಾಲು ಬರೆದ. ಬಂದ ಉದ್ದೇಶದ ಎದುರು ಏನು ಬರೆದನೆಂದು ಬಗ್ಗಿ ನೋಡಿದೆ: “ವಾಚ್‌ಮನ್ ಕೆಲಸ ಕೇಳಿಕೊಂಡು.”

ಹಿಪ್ಪುನೇರಳೆ ಕಡ್ಡಿ

ಮೆಷಿನ್ನಿನ ಪ್ಯಾನಲ್ ನಾನೇ ಮಾಡಿದ್ದು. ಅದರ ನಡುವೆ, ಎಲ್ಲ ಕಾರ್ಖಾನೆಗಳಲ್ಲೂ ಇರುವಂತೆ, ದಪ್ಪ ಕುಂಕುಮದ ಬೊಟ್ಟಿತ್ತು. ಕೈಮುಗಿದು ಕೆಲಸ ಶುರು ಮಾಡಿದೆ. ಪ್ಯಾನಲ್ ಬಿಚ್ಚಿ, ಪ್ರೊಸೆಸರ್ ಕಾಲುಗಳಿಗೆ ನನ್ನ ಬೋರ್ಡಿನ ವೈರು ಸಿಕ್ಕಿಸಿ, ಬೋರ್ಡನ್ನು ಪಕ್ಕದ ಸ್ಟೂಲಿನ ಮೇಲಿಟ್ಟೆ. ಶಾಖದ ಕೋಣೆಗೆ ಯಾರಾದರೂ ಕೈ ಹಾಕಿದರೆ ಅದರಲ್ಲೊಂದು ಕೆಂಪು ದೀಪ ಮಿನುಗುತ್ತದೆ ಎಂದು ಎಲ್ಲರಿಗೂ ತಿಳಿಸಿದೆ. ತಿಳಿಸಬಾರದಿತ್ತು.

ಮೂರು ದಿನ ಬಿಟ್ಟು ಹೋದರೆ ಆಪರೇಟರ್ ಎಡಗೈ ಬೆನ್ನ ಹಿಂದೆ ಕಟ್ಟಿಕೊಂಡು, ಬಲಗೈಯಲ್ಲಿ ಒಂದು ಹಿಪ್ಪುನೇರಳೆ ಕಡ್ಡಿ ಹಿಡಿದು, ಮಾರು ದೂರದಿಂದ ಸ್ಟಾರ್ಟ್ ಬಟನ್ ಒತ್ತುತ್ತಿದ್ದ. ರೇಷ್ಮೆ ಹುಳಕ್ಕೆ ಸೊಪ್ಪು ಬಿಡಿಸಿದ ಮೇಲೆ ಉಳಿದ ಕಡ್ಡಿ, ಮನೆಯಿಂದ ತಂದದ್ದು.

“ಏನಪ್ಪಾ ಇದು?”

“ನನ್ ಕೈ ಗುರ್ತು ಬೀಳ್ಬಾರ್ದು ಸಾ.”

“ಅದಕ್ಕೆ ಕೈ ಗುರುತು ಗೊತ್ತಾಗಲ್ಲಪ್ಪ. ಕೀ ಒತ್ತಿದ್ದರಿಂದ ಆಯ್ತೋ, ಪ್ರೋಗ್ರಾಂ ತಪ್ಪಿಂದ ಆಯ್ತೋ, ಅಷ್ಟು ಹೇಳುತ್ತೆ. ಒತ್ತಿದ್ದು ಯಾರು ಅಂತ ಹೇಳಲ್ಲ.”

ಅವನು ಕಡ್ಡಿ ಇಳಿಸಿ ನನ್ನನ್ನೇ ನೋಡಿದ. “ಯಾರು ಅಂತ ಯೋಳಕಿಲ್ವಾ? ಅಂಗಾರೆ ಇನ್ಯಾರ್ ತಲೆಗ್ ಕಟ್ಟಾರು ಸಾ?”

ಅವನು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಕಡ್ಡಿಯನ್ನೇ ಮುಂದುವರಿಸು ಎಂದೆ.

ಕಣ್ಣು ಮುಚ್ಚಿದ ಸಾಕ್ಷಿಗಳು

ಶನಿವಾರ ಬೋರ್ಡ್ ಓದಿದೆವು. ಶುಕ್ರವಾರ ಬೆಳಿಗ್ಗೆ ಒಂಬತ್ತೂ ಐದಕ್ಕೆ ಶಾಖದ ಕೋಣೆಗೆ ಮೂರು ಸಲ ಕೈ ಬಿದ್ದಿತ್ತು. ಮೂರೂ ಸಲ ಕೀ ಒತ್ತಿದ್ದರಿಂದ. ಸಲಕ್ಕೆ ಹತ್ತು ಡಿಗ್ರಿ. ನನ್ನ ಪ್ರೋಗ್ರಾಂ ಗಂಗೆಯಷ್ಟು ಶುದ್ಧ. ನನಗೆ ಎಷ್ಟು ಸಂತೋಷವಾಯಿತೆಂದರೆ, ಎದುರಿಗೆ ನಿಂತಿದ್ದ ಆಪರೇಟರ್ ಮುಖ ಕಂಡದ್ದೇ ಆಮೇಲೆ. ಕಂಡ ಮೇಲೆ ನಾಚಿಕೆಯೂ ಆಯಿತು.

“ಶುಕ್ರವಾರ ಒಂಬತ್ತೂ ಐದು ಅಂದ್ರೆ ಪೂಜೆ ಟೈಮು. ಮೆಷಿನ್ ಕಾಯಕ್ಕೆ ಬುಟ್ಟು, ಕಣ್ ಮುಚ್ಕೊಂಡು ಕೈ ಮುಗ್ದು ನಿಂತಿದ್ದೆ ಸಾ,” ಅಂದ ಅವನು.

“ಪೂಜೆ ಮಾಡೋನು ನಾನು. ಮಂತ್ರ ಹೇಳುವಾಗ ನಾನೂ ಕಣ್ಣು ಮುಚ್ಚಿರ್ತೀನಿ. ಅದೇ ಸಮಯ ನೋಡಿ ಒತ್ತಿದ್ದಾನೆ,” ಅಂದರು ಮ್ಯಾನೇಜರ್.

ಉಳಿದ ಹನ್ನೊಂದು ಜನರನ್ನು ಕೇಳಿದೆವು. ಎಲ್ಲರೂ ಕಣ್ಣು ಮುಚ್ಚಿದ್ದರಂತೆ. ಇಷ್ಟೊಂದು ಭಕ್ತಿಯಿದ್ದ ಕಾರ್ಖಾನೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಬೊಟ್ಟು

ಮುಂದಿನ ಶುಕ್ರವಾರ ಬೆಂಗಳೂರಿನಿಂದ ಮಾಲೀಕರು ಬಂದರು. ಆಪರೇಟರನ್ನು ತೆಗೆದುಹಾಕುವ ಕಾಗದ ಟೈಪಾಗಿ, ಅವರ ಸಹಿಯೊಂದಕ್ಕೆ ಕಾಯುತ್ತಿತ್ತು. ಬೋರ್ಡಿನ ದಾಖಲೆ ಅವರಿಗೆ ತೋರಿಸಲು ನನ್ನನ್ನೂ ಕರೆಸಿದ್ದರು. ಆಪರೇಟರ್ ಕಡ್ಡಿಯನ್ನೂ ದೂರವಿಟ್ಟು, ಗೋಡೆಗೆ ಅಂಟಿಕೊಂಡು ನಿಂತಿದ್ದ.

“ಮೊದಲು ಪೂಜೆ ಮುಗಿದುಬಿಡಲಿ ಸಾರ್,” ಅಂದರು ಮ್ಯಾನೇಜರ್.

ಎಲ್ಲರೂ ಕಣ್ಣು ಮುಚ್ಚಿದರು. ಮಾಲೀಕರು ಕಾಗದ ಹಿಡಿದಿದ್ದರಿಂದ ಮುಚ್ಚಲಿಲ್ಲ. ನಾನು ಬೋರ್ಡ್ ಕಾಯುವವನು, ನಾನೂ ಮುಚ್ಚಲಿಲ್ಲ.

ಮ್ಯಾನೇಜರ್ ಮಂತ್ರ ಹೇಳುತ್ತ, ಕಣ್ಣು ಮುಚ್ಚಿಯೇ, ಉಂಗುರದ ಬೆರಳಿಗೆ ಗಂಧ ತೆಗೆದುಕೊಂಡು ಪ್ಯಾನಲ್ಲಿನ ನಡುವಿನ ಬೊಟ್ಟಿನ ಮೇಲೆ ಗಟ್ಟಿಯಾಗಿ ಒತ್ತಿದರು. ಕೆಂಪು ದೀಪ ಮಿನುಗಿತು. ಗಂಧದ ಮೇಲೆ ಅರಿಶಿನ ಒತ್ತಿದರು. ದೀಪ ಮಿನುಗಿತು. ಅರಿಶಿನದ ಮೇಲೆ ಕುಂಕುಮ. ಮತ್ತೆ ಮಿನುಗಿತು. ಶಾಖದ ಲೆಕ್ಕ ಮೂವತ್ತು ಡಿಗ್ರಿ ಏರಿ ನಿಂತಿತು.

ನಾನು ಬಾಯಿ ತೆರೆಯುವಷ್ಟರಲ್ಲಿ, ಸ್ಟೂಲಿನ ಮೇಲಿದ್ದ ನನ್ನ ಬೋರ್ಡಿಗೂ ಸಲ್ಲಲಿ ಎಂದು ಉಳಿದ ಕುಂಕುಮವನ್ನು ಅದರ ಅತಿ ದೊಡ್ಡ ಬಟನ್ನಿಗೆ ಒತ್ತಿದರು. ಅದು ದಾಖಲೆ ಅಳಿಸುವ ಬಟನ್. ಎರಡು ವಾರದ ಸಾಕ್ಷಿ ಹೊರಟುಹೋಯಿತು. ಮ್ಯಾನೇಜರ್ ಕಣ್ಣು ಬಿಟ್ಟು ಎಲ್ಲರಿಗೂ ಮಂಗಳಾರತಿ ಕೊಟ್ಟರು.

ಮಾಲೀಕರು ಮಂಗಳಾರತಿ ತೆಗೆದುಕೊಂಡರು. ಕೈಯಲ್ಲಿದ್ದ ಕಾಗದವನ್ನು ಎರಡಾಗಿ ಮಡಚಿ, ಅದರಿಂದಲೇ ಪ್ಯಾನಲ್ಲಿನ ನಡುವನ್ನು ಉಜ್ಜಿದರು. ಕುಂಕುಮದ ಅಡಿಯಿಂದ ನಾನು ಹಿಂದೊಮ್ಮೆ ಇಟ್ಟಿದ್ದ ಕೀ ಹೊರಬಂತು. ಅದರ ಮೇಲೆ ಮೇಲ್ಮುಖದ ಬಾಣ. ಮೊದಲ ದಿನ ನಾನು ಕೈಮುಗಿದದ್ದು ಆ ಕೀಗೇ.

“ಇದನ್ನ ಮುಟ್ಟಿದ್ದು ಯಾರು?” ಅಂದರು ಮಾಲೀಕರು.

“ನಾನ್ ಮುಟ್ನಿಲ್ಲ ಸಾ,” ಅಂದ ಆಪರೇಟರ್, ಗೋಡೆಯ ಹತ್ತಿರದಿಂದ.

“ನಿನ್ನ ಕೇಳಲಿಲ್ಲಪ್ಪ, ಹೋಗಿ ನಿನ್ನ ಕೆಲಸ ನೋಡು,” ಎಂದು ಕೆಂಪಾದ ಕಾಗದವನ್ನು ಕಸದ ಬುಟ್ಟಿಗೆ ಹಾಕಿ, ಅವರು ಮ್ಯಾನೇಜರ್ ಕಡೆ ತಿರುಗಿದರು.

ಮ್ಯಾನೇಜರ್ ತಮ್ಮ ಉಂಗುರದ ಬೆರಳನ್ನು ಒಮ್ಮೆ ನೋಡಿಕೊಂಡರು. ಗಂಧ, ಅರಿಶಿನ, ಕುಂಕುಮ ಮೂರೂ ಅಲ್ಲೇ ಇದ್ದವು.

“ನಾನೂ ಮುಟ್ಟಿಲ್ಲ ಸಾರ್,” ಅಂದರು. “ಬೊಟ್ಟಿಟ್ಟೆ, ಅಷ್ಟೆ.”