ನೆಲಕಚ್ಚಿದ ಸೈನ್ ಶ್ರೇಣಿ

ಚಾಕ್‌ಪೀಸಿನಲ್ಲಿ ಅಲೆ ಎಳೆಯುವ ವಿದ್ಯೆಯಲ್ಲಿ ಕಡೂರು ತಾಲ್ಲೂಕಿನಲ್ಲಿ ನನಗೆ ಸಮಾನರಿಲ್ಲ ಎಂಬುದು ನನ್ನ ಬಹುಕಾಲದ ನಂಬಿಕೆ. ಬೇರೆ ಯಾರೂ ಹೇಳದ ಕಾರಣ ನಾನೇ ಹೇಳಬೇಕಾಗಿದೆ. ಅಡ್ಡಗೆರೆಯ ಮೇಲೆ ಸೊನ್ನೆ, ಪೈ, ಎರಡು ಪೈ ಎಂದು ಗುರುತು ಹಾಕಿ ಕೈ ಬೀಸಿದರೆ ಮುಗಿಯಿತು. ನಡುವಿನ ಏರಿಳಿತವನ್ನು ಮಣಿಕಟ್ಟು ನೋಡಿಕೊಳ್ಳುತ್ತದೆ. ಕಾಲೇಜಿನಲ್ಲಿ ಗಣಿತ ಹೇಳುತ್ತಾ ಇಪ್ಪತ್ತೆಂಟು ವರ್ಷ ಹೀಗೆ ಬೀಸಿದ ಮೇಲೆ ಪಠ್ಯಕ್ರಮ ಬದಲಾಗಿ, ಫೂರಿಯರ್ ಶ್ರೇಣಿಯನ್ನು ಕಂಪ್ಯೂಟರಿನಲ್ಲೇ ಬರೆಸಬೇಕೆಂದಾಯಿತು. ಪ್ರಿನ್ಸಿಪಾಲರು ಕರೆದು, "ಸೋಮವಾರ ನನ್ನೆದುರು ಮಾಡಿ ತೋರಿಸ್ರೀ. ಆಗ್ಲಿಲ್ಲ ಅಂದ್ರೆ ಲ್ಯಾಬು ಕಂಪ್ಯೂಟರ್ ವಿಭಾಗದ ಶಶಿಕಲಾ ಮೇಡಮ್ಮಿಗೆ ಹೋಗುತ್ತೆ. ಪಾಠದ ಗಂಟೆ ಕಮ್ಮಿ ಆಯ್ತು ಅಂತ ನಿಮ್ಮನ್ನ ವಾರಕ್ಕೆ ಮೂರು ದಿನ ಅಜ್ಜಂಪುರದ ಕಾಲೇಜಿಗೆ ಹಾಕ್ತಾರೆ" ಎಂದರು. ಅಜ್ಜಂಪುರದ ಮೇಲೆ ನನಗೆ ದ್ವೇಷವಿಲ್ಲ. ಅಲ್ಲಿ ನನ್ನ ಭಾವಮೈದನಿದ್ದಾನೆ, ಅಷ್ಟೆ. ಊಟಕ್ಕೆ ಕೂತಾಗಲೆಲ್ಲ, "ಭಾವ, ಈ ಲೆಕ್ಕದಿಂದ ಏನ್ ಉಪ್ಯೋಗ ಹೇಳಿ?" ಎನ್ನುತ್ತಾನೆ. ವಾರಕ್ಕೆ ಮೂರು ಸಲ ಉತ್ತರಿಸುವಷ್ಟು ಉಪಯೋಗ ನನಗೆ ಗೊತ್ತಿಲ್ಲ.

ವಿಷಯ ಇಷ್ಟೇ: ಒಂದು ಗೆರೆಯನ್ನು ಅನೇಕ ಅಲೆಗಳನ್ನು ಕೂಡಿಸಿ ಕಟ್ಟಬಹುದು. ನನ್ನ ಗೆರೆ ಒಂದು ಇಳಿಜಾರು. ಕೊಸೈನ್ ಅಲೆಗಳಿಂದ ಕಟ್ಟಿದರೆ ಅದು ಗುಡ್ಡಗಳ ಸಾಲಾಗುತ್ತದೆ. ಸೈನ್ ಅಲೆಗಳಿಂದ ಕಟ್ಟಿದರೆ ಗರಗಸದ ಹಲ್ಲಾಗುತ್ತದೆ. ಸೋಮವಾರ ಲ್ಯಾಬಿನಲ್ಲಿ ಪ್ರಿನ್ಸಿಪಾಲರು, ಶಶಿಕಲಾ ಮೇಡಂ, ತರಗತಿಯ ಹುಡುಗರು ಎಲ್ಲರ ಎದುರು, ಲೆಕ್ಕ ಹಾಕಲು ಯಂತ್ರಕ್ಕೆ ಪೈಗೊಂದರಂತೆ ಐದು ಬಿಂದು ಕೊಟ್ಟು, ಐವತ್ತು ಕೊಸೈನ್ ಅಲೆಗಳನ್ನು ಕೂಡಿಸಿದೆ. ಪರದೆಯ ಮೇಲೆ ಜೋಡಿ ಗುಡ್ಡ ಎದ್ದು ನಿಂತಿತು. "ಶಹಬ್ಬಾಸ್!" ಎಂದರು ಪ್ರಿನ್ಸಿಪಾಲರು. ನಾನು ವಿನಯದಿಂದ ತಲೆ ಬಾಗಿಸಿ, ಅದೇ ಗತ್ತಿನಲ್ಲಿ ಸೈನ್ ಶ್ರೇಣಿಯ ಗುಂಡಿ ಒತ್ತಿದೆ. ಪರದೆಯ ನಡುವೆ ಉದ್ದಕ್ಕೆ ಒಂದು ಗೆರೆ ಮಲಗಿತು. ಮತ್ತೆ ಒತ್ತಿದೆ. ಮಲಗಿಯೇ ಇತ್ತು.

"ಮೇಷ್ಟ್ರೇ, ಐಸಿಯುನಲ್ಲಿ ಹಿಂಗ್ ಬಂದ್ರೆ ಸಂಬಂಧಿಕರನ್ನ ಒಳಕ್ಕೆ ಕರೀತಾರೆ ಕಣ್ರೀ" ಎಂದರು ಶಶಿಕಲಾ ಮೇಡಂ. ಇಡೀ ತರಗತಿ ನಕ್ಕಿತು. ಪ್ರಿನ್ಸಿಪಾಲರು ಗಡಿಯಾರ ನೋಡಿಕೊಂಡರು. ನನಗೆ ಭಾವಮೈದ ಸಾರು ಬಡಿಸುತ್ತಿರುವುದು ಕಾಣಿಸಿತು. ಕಷ್ಟ ಬಂದಾಗ ಬೋರ್ಡಿಗೆ ಓಡುವುದು ನನ್ನ ಹಳೆಯ ಚಾಳಿ. ಹೋಗಿ ಸೊನ್ನೆ, ಪೈ, ಎರಡು ಪೈ ಗುರುತು ಹಾಕಿ ಕೈ ಬೀಸಿದೆ. ಕೈ ಅರ್ಧದಲ್ಲೇ ನಿಂತಿತು. ಆ ಗುರುತುಗಳಲ್ಲಿ ಯಾವ ಸೈನ್ ಅಲೆಗೂ ಬೆಲೆ ಸೊನ್ನೆಯೇ! ಐವತ್ತು ಸೊನ್ನೆ ಕೂಡಿಸಿದರೆ ಯಂತ್ರ ತಾನೇ ಏನು ಮಾಡೀತು? ಬಿಂದುಗಳ ನಡುವೆ ಬೀಸಲು ಅದಕ್ಕೆ ಮಣಿಕಟ್ಟಿಲ್ಲ.

ಐದು ಬಿಂದುಗಳನ್ನು ನಾಲ್ಕು ಸಾವಿರ ಮಾಡಿದೆ. ಗರಗಸ ಹಲ್ಲು ಕಿರಿದು ಎದ್ದಿತು. "ಹಲ್ಲಿನ ತುದೀಲಿ ಕೊಂಬು ಬಂದಿದೆ, ಅದು ತಪ್ಪಲ್ವಾ?" ಎಂದರು ಮೇಡಂ. "ಅದು ಇರ್ಲೇಬೇಕು ಮೇಡಂ. ಇನ್ನೂರು ಅಲೆ ಕೂಡ್ಸಿ ನೋಡಿ, ಕೊಂಬು ಸಣಕಲಾಗುತ್ತೆ, ಗಿಡ್ಡ ಆಗಲ್ಲ" ಎಂದೆ. ಅವರೇ ಕೂಡಿಸಿ ನೋಡಿದರು. ಕೊಂಬು ಸಣಕಲಾಯಿತು, ಎತ್ತರ ಬಿಡಲಿಲ್ಲ. "ಒಪ್ಕೊಂಡೆ ಮೇಷ್ಟ್ರೇ" ಎಂದು ಕುರ್ಚಿ ಬಿಟ್ಟುಕೊಟ್ಟರು. ಲ್ಯಾಬು ನನ್ನದಾಯಿತು. ಅಜ್ಜಂಪುರದ ಸಾರು ತಪ್ಪಿತು.

ಸಂಜೆ ಬೀರೂರಿನ ಬಸ್ಸಿನಲ್ಲಿ ದಿಗ್ವಿಜಯ ಮುಗಿಸಿದವನಂತೆ ಕುಳಿತಿದ್ದಾಗ ಒಂದು ವಿಷಯ ಹೊಳೆಯಿತು. ಆ ಕೊಸೈನ್ ಗುಡ್ಡಗಳನ್ನೂ ನಾನು ಬರೆಸಿದ್ದು ಅದೇ ಐದು ಬಿಂದುಗಳಿಂದ. ಗುಡ್ಡಗಳ ತುದಿ, ಬುಡ ಎಲ್ಲ ಸರಿಯಾಗಿ ಆ ಬಿಂದುಗಳ ಮೇಲೇ ಬಿದ್ದಿದ್ದವು. ಯಂತ್ರ ಅವುಗಳ ನಡುವೆ ಯಾವ ಅಲೆಯನ್ನೂ ಕೂಡಿಸದೆ ನೆಟ್ಟಗೆ ಗೆರೆ ಎಳೆದು ಸುಮ್ಮನಾಗಿತ್ತು. ಶಹಬ್ಬಾಸ್‌ಗಿರಿ ಸಿಕ್ಕಿದ್ದು ಅದಕ್ಕೆ! ತರಗತಿಯಲ್ಲಿ ಯಾರೊಬ್ಬರೂ ಇದನ್ನು ಕೇಳಲಿಲ್ಲ. ಕೇಳುವಷ್ಟು ಗಣಿತವನ್ನು ನಾನಿನ್ನೂ ಅವರಿಗೆ ಕಲಿಸಿಲ್ಲ.